ಡಿಎನ್‌ಎ ಮ್ಯಾಚ್‌ಗಳನ್ನು ಹೇಗೆ ಬೇರೆ ಮಾಡೋದು? ನಮ್ಮ ಕಡೆ ಎಲ್ಲರೂ ಎರಡೆರಡು ಕಡೆಯಿಂದ ನೆಂಟರು

ಭೀಮಾದಂಡೆ, ಕಲಬುರಗಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆದಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಮೂಲ ಊರು ಅಫಜಲಪುರ ತಾಲೂಕಿನಲ್ಲಿ, ಭೀಮಾ ನದಿಯ ದಂಡೆಗೆ. ನಮ್ಮ ಮುತ್ಯಾನಿಗೆ, ಅಂದರೆ ಅಪ್ಪನ ಅಪ್ಪನಿಗೆ, ಒಬ್ಬ ತಮ್ಮ ಇದ್ದ. 1948ರಲ್ಲಿ ರಜಾಕಾರರ ಗದ್ದಲ ಜೋರಾದಾಗ ಆತ ಹೆಂಡತಿ ಮತ್ತು ಹಸುಗೂಸನ್ನು ಕಟ್ಟಿಕೊಂಡು ರಾತ್ರೋರಾತ್ರಿ ಹೊಳೆ ದಾಟಿ ಇಂಡಿ ಕಡೆ ಹೋದನಂತೆ. ಆಗ ಹೊಳೆಯ ಈಚೆ ನಿಜಾಮನ ರಾಜ್ಯ, ಆಚೆ ಮುಂಬೈ ಪ್ರಾಂತ. ಅಲ್ಲಿಂದ ಸೊಲ್ಲಾಪುರಕ್ಕೆ ಹೋಗಿ ಮಿಲ್ಲಿನಲ್ಲಿ ಕೆಲಸಕ್ಕೆ ಸೇರಿದ ಅಂತ ಒಂದು ಸುದ್ದಿ ಬಂತು. ಅಷ್ಟೇ. ಸೆಪ್ಟೆಂಬರ್ 17ಕ್ಕೆ ನಿಜಾಮ ಶರಣಾದ ಮೇಲೆ ಓಡಿ ಹೋದವರು ಎಷ್ಟೋ ಜನ ತಿರುಗಿ ಬಂದರು. ಆತ ಬರಲಿಲ್ಲ. ಮುತ್ಯಾ ಸಾಯುವ ತನಕ ದೀಪಾವಳಿಗೊಮ್ಮೆ ತಮ್ಮನ ಹೆಸರು ತೆಗೆಯುತ್ತಿದ್ದ.

ಕಳೆದ ವರ್ಷ ಹೊರದೇಶದಲ್ಲಿರುವ ನನ್ನ ತಮ್ಮ ಎರಡು ಡಿಎನ್‌ಎ ಕಿಟ್ ತಂದ. ಒಂದನ್ನು ನಾನು ಮಾಡಿಸಿದೆ. ಮ್ಯಾಚ್ ಪಟ್ಟಿ, ಅಂದರೆ ನನ್ನ ಡಿಎನ್‌ಎ ಜೊತೆ ಸ್ವಲ್ಪವಾದರೂ ಹೊಂದುವವರ ಪಟ್ಟಿ ಬಂತು, ನೂರಾರು ಹೆಸರು. ಎಲ್ಲರ ಮುಂದೆ ಸೆಂಟಿಮಾರ್ಗನ್ ಅಂತ ಒಂದು ಅಂಕಿ, ಎಷ್ಟು ಡಿಎನ್‌ಎ ಹೊಂದುತ್ತದೆ ಅನ್ನುವ ಅಳತೆ. ಯೂಟ್ಯೂಬ್ ನೋಡಿ ಬಣ್ಣ ಹಚ್ಚುವ ವಿಧಾನ ಕಲಿತೆ, ಡೇನಾ ಲೀಡ್ಸ್ ಅನ್ನುವವರು 2018ರಲ್ಲಿ ತೋರಿಸಿಕೊಟ್ಟದ್ದು. 400ರಿಂದ 90 ಸೆಂಟಿಮಾರ್ಗನ್ ನಡುವಿನವರನ್ನು ಒಂದು ಹಾಳೆಯಲ್ಲಿ ಬರೆಯಬೇಕು. ಮೊದಲನೆಯವರಿಗೆ ಒಂದು ಬಣ್ಣ. ಅವರ ಜೊತೆ ಯಾರ್‍ಯಾರು ಮ್ಯಾಚ್ ಆಗುತ್ತಾರೋ ಅವರಿಗೆಲ್ಲ ಅದೇ ಬಣ್ಣ. ಉಳಿದವರಲ್ಲಿ ಮೊದಲನೆಯವರಿಗೆ ಇನ್ನೊಂದು ಬಣ್ಣ. ಹೀಗೆ ಹೋದರೆ ಕೊನೆಗೆ ನಾಲ್ಕು ಬಣ್ಣ ಸಿಗುತ್ತದೆ, ನಾಲ್ಕು ಅಜ್ಜ ಅಜ್ಜಿಯರ ಕಡೆಗೆ ಒಂದೊಂದು.

ನನ್ನ ಪಟ್ಟಿಯಲ್ಲಿ ಆ ಅಳತೆಗೆ ಸಿಕ್ಕವರು ಬರೀ 3 ಜನ. 348, 112, 94. ಅದಕ್ಕೆ 30ರ ತನಕ ಇಳಿಸಿದೆ. ಸುಮಾರು 60 ಜನ ಬಂದರು, ಹೆಚ್ಚುಕಡಿಮೆ ಎಲ್ಲರೂ ಒಂದೇ ಬಣ್ಣಕ್ಕೆ ಬಿದ್ದರು.

ಇನ್ನೊಂದು ಗೊಂದಲ. 348 ಇರುವ ವ್ಯಕ್ತಿಯನ್ನು ನೋಡಿ ಅಪ್ಪನ ಕಾಕನ ಮಗ ಇರಬೇಕು, ಅಂದರೆ ಆ ಸಣ್ಣ ಮುತ್ಯಾನ ಮಗ ಅಂದುಕೊಂಡೆ. ಆದರೆ ಆತನಿಗೆ 34 ವರ್ಷ ಅಂತ ತೋರಿಸುತ್ತದೆ. ಹೊಳೆ ದಾಟಿದ ಕೂಸಿಗೆ ಈಗ 75 ದಾಟಿರಬೇಕು. ಹಾಗಾಗಿ ಇವರು ಆ ಮನೆಯವರಲ್ಲ ಅಂತ ಬಿಟ್ಟುಬಿಟ್ಟೆ. ನಾಲ್ಕು ತಿಂಗಳು ಬೇರೆ ಕಡೆ ಹುಡುಕಿದೆ. ಏನೂ ಸಿಗಲಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಬೀದರ್ ಕೋಟೆ:

ತಮ್ಮಾ, ಒಂದು ಮಾತು ಮೊದಲು ಹೇಳು. ನಿಮ್ಮ ಮುತ್ಯಾ ಯಾರನ್ನು ಮದುವೆ ಆಗಿದ್ದರು? ಸ್ವಂತ ಅಕ್ಕನ ಮಗಳನ್ನಾ?

ಭೀಮಾದಂಡೆ:

ಹೌದು! ಹೇಗೆ ಗೊತ್ತಾಯಿತು? ಮುತ್ಯಾನ ಹಿರಿಯ ಅಕ್ಕನ ಮಗಳೇ ನಮ್ಮ ಆಯಿ, ಅಪ್ಪನ ತಾಯಿ.

ಬೀದರ್ ಕೋಟೆ:

ನಮ್ಮ ಕಡೆ ಹತ್ತು ಮನೆಯಲ್ಲಿ ಕೇಳಿದರೆ ಮೂರ್ನಾಲ್ಕು ಮನೆಯಲ್ಲಿ ಇದೇ ಉತ್ತರ ಬರುತ್ತದೆ, ಅದಕ್ಕೆ ಕೇಳಿದೆ. ನಾನು ಐದು ವರ್ಷದಿಂದ ಇದರಲ್ಲಿ ತಲೆ ಕೆಡಿಸಿಕೊಂಡಿದ್ದೇನೆ, ಶುರುವಿನಲ್ಲಿ ನಿನ್ನ ಹಾಗೆ ನಾಲ್ಕು ಬಣ್ಣ ಹಿಡಿದುಕೊಂಡೇ ಕೂತಿದ್ದೆ.

ಆ ವಿಧಾನ ತಪ್ಪಲ್ಲ. ಅಜ್ಜ ಅಜ್ಜಿ ನಾಲ್ವರೂ ನಾಲ್ಕು ಬೇರೆ ಬೇರೆ ಮನೆಯಿಂದ ಬಂದವರು ಅಂತ ಇಟ್ಟುಕೊಂಡು ಮಾಡಿದ್ದು ಅದು. ಸೋದರಮಾವನಿಗೆ ಕೊಟ್ಟು, ಅತ್ತೆಯ ಮಗನಿಗೆ ಕೊಟ್ಟು, ತಿರುಗಿ ಅದೇ ಮನೆಯಿಂದ ತಂದು, ಮೂರು ತಲೆಮಾರು ಅದೇ ಐದಾರು ಊರಿನೊಳಗೆ ಸುತ್ತಿದ ನಮ್ಮಂಥ ಮನೆಗಳಿಗೆ ಆ ಲೆಕ್ಕ ಹೊಂದುವುದಿಲ್ಲ. ಒಬ್ಬನೇ ಮನುಷ್ಯ ನಿನಗೆ ಎರಡು ದಾರಿಯಿಂದ ನೆಂಟ. ಎರಡೂ ದಾರಿಯ ಡಿಎನ್‌ಎ ಕೂಡಿ ಒಂದೇ ಅಂಕಿಯಾಗಿ ಕಾಣುತ್ತದೆ.

ನಿನ್ನ 348 ತೆಗೆದುಕೋ. ಆತ ಸಣ್ಣ ಮುತ್ಯಾನ ಮಗ ಅಲ್ಲ, ಮೊಮ್ಮಗ ಅಂತ ಇಟ್ಟುಕೊಂಡು ನೋಡೋಣ. ನಿಮ್ಮ ಮುತ್ಯಾನ ಕಡೆಯಿಂದ ನೋಡಿದರೆ ನೀವಿಬ್ಬರೂ ಅಣ್ಣ ತಮ್ಮಂದಿರ ಮೊಮ್ಮಕ್ಕಳು. ಇಂಗ್ಲಿಷಿನವರು ಸೆಕೆಂಡ್ ಕಸಿನ್ ಅನ್ನುತ್ತಾರೆ. ಡಿಎನ್‌ಎಯಿಂದ ವಂಶ ಹುಡುಕುವ ತಜ್ಞ ಬ್ಲೇನ್ ಬೆಟ್ಟಿಂಗರ್ ಅವರು ಸಾವಿರಾರು ಜನರಿಂದ ಸೇರಿಸಿದ ಅಂಕಿಗಳಿವೆ, 2020ರ ಪಟ್ಟಿಯಲ್ಲಿ ಈ ಸಂಬಂಧಕ್ಕೆ ಸರಾಸರಿ 229. ಈಗ ಆಯಿಯ ಕಡೆಯಿಂದ ನೋಡು. ಆಯಿಯ ತಾಯಿ ಮತ್ತು ಸಣ್ಣ ಮುತ್ಯಾ ಅಕ್ಕ ತಮ್ಮ. ಆ ದಾರಿಯಲ್ಲಿ ಒಂದು ತಲೆಮಾರು ಜಾಸ್ತಿ ದೂರ. ಅದಕ್ಕೆ ಸರಾಸರಿ 122. ಎರಡೂ ಕೂಡಿಸು. 351.

ನಿನ್ನ ಅಂಕಿ 348.

ಸಾಬೀತಾಯಿತು ಅಂತ ಹೇಳುತ್ತಿಲ್ಲ. ಆದರೆ ಆ ಮನುಷ್ಯನನ್ನು ಬಿಟ್ಟದ್ದು ಮಾತ್ರ ತಪ್ಪು, ಇವತ್ತೇ ಆತನಿಗೆ ಬರಿ.

ಪಟ್ಟಿ ಜೋಡಿಸುವುದು ಹೇಗೆ ಅಂತ ಕೇಳಿದ್ದೀಯಲ್ಲ. ನಾನು ಈಗ ಮಾಡುವುದು ಹೀಗೆ. ಕಂಪ್ಯೂಟರ್ ಮುಟ್ಟುವ ಮೊದಲು ಒಂದು ದೊಡ್ಡ ಹಾಳೆ ತಗೊಂಡು ಹೆಣ್ಣು ಕೊಟ್ಟ ಮನೆ, ಹೆಣ್ಣು ತಂದ ಮನೆ ಬರೆಯುತ್ತೇನೆ. ಗಂಡಸರ ಸಾಲು ಎಲ್ಲರಿಗೂ ಬಾಯಿಪಾಠ ಇರುತ್ತದೆ, ಅದರಿಂದ ಜಾಸ್ತಿ ಉಪಯೋಗ ಇಲ್ಲ. ಯಾವ ಸೊಸೆ ಯಾವ ಊರಿನವಳು, ಅವಳ ತಾಯಿ ಯಾವ ಊರಿನವಳು, ಮದುವೆಯಲ್ಲಿ ಹೆಸರು ಬದಲಿಸಿದ್ದರೆ ತವರಿನ ಹೆಸರು ಏನು, ಇದೆಲ್ಲ ಮುದುಕಿಯರಿಗೆ ಮಾತ್ರ ಗೊತ್ತಿರುತ್ತದೆ. ಒಬ್ಬರೇ ಇದ್ದಾಗ ಕೇಳಿದರೆ ಒಂದು ಹೇಳುತ್ತಾರೆ, ಇಬ್ಬರು ಕೂತಾಗ ಕೇಳಿದರೆ ಒಬ್ಬರನ್ನೊಬ್ಬರು ತಿದ್ದುತ್ತಾರೆ. ಇಬ್ಬರನ್ನೂ ಕೂಡಿಸು.

ಆಮೇಲೆ ಬಣ್ಣ. ನಾನು ಬಣ್ಣವನ್ನು ಅಜ್ಜ ಅಜ್ಜಿಗೆ ಕೊಡುವುದಿಲ್ಲ, ಊರಿಗೆ ಕೊಡುತ್ತೇನೆ. ಒಬ್ಬರಿಗೆ ಎರಡು ಬಣ್ಣ ಬಂದರೂ ಬರಲಿ, ಅದು ತಪ್ಪಲ್ಲ, ಅದೇ ಸುದ್ದಿ. ಎಕ್ಸೆಲ್ ಹಾಳೆಯಲ್ಲಿ ಒಟ್ಟು ಸೆಂಟಿಮಾರ್ಗನ್ ಪಕ್ಕದಲ್ಲಿ ಹೊಂದುವ ಡಿಎನ್‌ಎ ಎಷ್ಟು ತುಂಡಾಗಿದೆ, ಅತಿ ಉದ್ದದ ತುಂಡು ಎಷ್ಟು, ಊರು, ಮನೆದೇವರು, ಬೆಡಗು (ಕುಲದ ಹೆಸರು), ನನ್ನ ಗೊತ್ತಿರುವ ನೆಂಟರಲ್ಲಿ ಇನ್ನು ಯಾರಿಗೆ ಮ್ಯಾಚ್, ಯಾವ ತಾರೀಖಿಗೆ ಪತ್ರ ಬರೆದೆ, ಏನು ಉತ್ತರ ಬಂತು, ಇಷ್ಟು ಕಾಲಂ. ಅಡ್ಡಹೆಸರಿಗೆ ಕಾಲಂ ಇದೆ, ಆದರೆ ಅದನ್ನು ನಂಬುವುದಿಲ್ಲ.

ಯಾಕೆ ಅಂತ ಕೇಳು. 1956ರಲ್ಲಿ ನಮ್ಮ ಬೀದರ್ ಜಿಲ್ಲೆ ಮೂರು ಕಡೆ ಹರಿದು ಹೋಯಿತು. ಉದಗೀರ, ನಿಲಂಗಾ, ಅಹಮದಪುರ ಮರಾಠಿ ಕಡೆಗೆ. ಜಹೀರಾಬಾದ್, ನಾರಾಯಣಖೇಡ ತೆಲುಗು ಕಡೆಗೆ. ಉಳಿದದ್ದು ಮೈಸೂರು ರಾಜ್ಯಕ್ಕೆ. ಒಂದೇ ಮನೆಯ ಮೂವರು ಅಣ್ಣತಮ್ಮಂದಿರ ಮಕ್ಕಳು ಮೂರು ರಾಜ್ಯದ ಶಾಲೆಗೆ ಹೋದರು. ಒಬ್ಬ ಬಿರಾದಾರ, ಒಬ್ಬ ಪಾಟೀಲ, ಒಬ್ಬ ಊರಿನ ಹೆಸರಿಗೆ ಕರ್ ಹಚ್ಚಿಕೊಂಡ. ಪಾಟೀಲ, ಕುಲಕರ್ಣಿ ಅಂತೂ ಮಾಡುವ ಕೆಲಸದ ಹೆಸರು, ಅದು ಒಂದಕ್ಕಿಂತ ಹೆಚ್ಚು ಜಾತಿಯಲ್ಲಿ ಸಿಗುತ್ತದೆ. ಊರಿನ ಹೆಸರು ಮಾತ್ರ ಯಾರೂ ಮರೆಯುವುದಿಲ್ಲ.

ಕಾಗಿಣಾ ಹೊಳೆ, ಸೇಡಂ:

ಬೀದರ್ ಕೋಟೆ ಅಕ್ಕ ಹೇಳಿದ ಲೆಕ್ಕ ಸರಿ ಇದೆ. ನಾನು ಜೀವಶಾಸ್ತ್ರ ಕಲಿಸುವ ಮೇಷ್ಟ್ರು, ಎರಡು ಎಚ್ಚರಿಕೆ ಸೇರಿಸುತ್ತೇನೆ.

ಒಂದು. 229 ಸರಾಸರಿ ಮಾತ್ರ. ಅದೇ ಪಟ್ಟಿಯಲ್ಲಿ ಸೆಕೆಂಡ್ ಕಸಿನ್‌ಗೆ 41ರಿಂದ 592ರ ತನಕ ಬಂದಿದೆ. ಸರಾಸರಿಗೆ ಹತ್ತಿರ ಬಂತು ಅಂದ ಮಾತ್ರಕ್ಕೆ ಖುಷಿಯಾಗಿ ನಿಲ್ಲಬಾರದು. ಆ ಅಂಕಿ ಕೊಟ್ಟವರಲ್ಲಿ ಹೆಚ್ಚಿನವರು ಯುರೋಪ್ ಮೂಲದವರು ಅನ್ನುವುದೂ ನೆನಪಿರಲಿ.

ಎರಡು. 90ರಿಂದ 30ಕ್ಕೆ ಇಳಿಸಿದ್ದೇ ಗೊಂದಲಕ್ಕೆ ಮೂಲ. ನಮ್ಮ ದೇಶದವರು ಪರೀಕ್ಷೆ ಮಾಡಿಸಿದ್ದು ಕಡಿಮೆ, ಹಾಗಾಗಿ ಹತ್ತಿರದ ಮ್ಯಾಚ್ ಒಂದೆರಡು ಸಿಗುತ್ತದೆ, ಉಳಿದದ್ದೆಲ್ಲ 8ರಿಂದ 40ರೊಳಗೆ ರಾಶಿ ಬೀಳುತ್ತದೆ. ಆ ರಾಶಿ ನಿಜವಾದ ನೆಂಟಸ್ತನವೇ, ಆದರೆ ತೀರಾ ಹಳೆಯದು. ಅಕ್ಕನ ಮಗಳ ಮದುವೆ ಒಂದು ವಿಷಯ, ಅದು ನಿಮ್ಮ ಮನೆಯದು, ಹಾಳೆಯಲ್ಲಿ ಬರೆಯಬಹುದು. ನೂರಾರು ವರ್ಷ ಒಂದೇ ಗುಂಪಿನೊಳಗೆ ಕೊಟ್ಟು ತಂದದ್ದು ಇನ್ನೊಂದು ವಿಷಯ, ಅದನ್ನು ಯಾರೂ ಬರೆಯಲಾಗದು. ಹೈದರಾಬಾದಿನ ಸಿಸಿಎಂಬಿ ಅನ್ನುವ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ಸೇರಿ ಮಾಡಿದ ಒಂದು ಅಧ್ಯಯನ 2017ರಲ್ಲಿ ನೇಚರ್ ಜೆನೆಟಿಕ್ಸ್ ಪತ್ರಿಕೆಯಲ್ಲಿ ಬಂತು. ದಕ್ಷಿಣ ಏಷ್ಯಾದ 263 ಗುಂಪುಗಳನ್ನು ನೋಡಿದರು. ಕೆಲವೇ ಪೂರ್ವಜರಿಂದ ಬೆಳೆದ ಗುರುತು 81 ಗುಂಪಿನಲ್ಲಿ ಇದಕ್ಕೇ ಹೆಸರಾದ ಫಿನ್‌ಲ್ಯಾಂಡಿನವರಿಗಿಂತ, ಯುರೋಪಿನ ಅಶ್ಕೆನಾಜಿ ಯಹೂದಿಗಳಿಗಿಂತ ಜೋರಾಗಿ ಕಂಡಿತು. ಅಂದರೆ ಎಂಟೋ ಹತ್ತೋ ತಲೆಮಾರಿನ ಹಿಂದಿನ ಸಣ್ಣ ಸಣ್ಣ ತುಂಡುಗಳು ನಿಮ್ಮ ಗುಂಪಿನ ಎಲ್ಲರಲ್ಲೂ ತಿರುಗುತ್ತಿರುತ್ತವೆ. 60 ಜನಕ್ಕೆ ಒಂದೇ ಬಣ್ಣ ಬಂದದ್ದು ಅದಕ್ಕೆ.

ಹಾಗಾಗಿ ಒಟ್ಟು ಅಂಕಿಗಿಂತ ಉದ್ದದ ತುಂಡನ್ನು ನೋಡಿ. ಒಬ್ಬರ ಜೊತೆ 40 ಸೆಂಟಿಮಾರ್ಗನ್ ಒಂದೇ ತುಂಡಾಗಿ ಇದ್ದರೆ ಹತ್ತಿರದ ಅಜ್ಜ ಒಬ್ಬ ಇದ್ದಾನೆ ಅಂತ ನಂಬಬಹುದು. ಅದೇ 40 ಎಂಟೆಂಟರ ಐದು ತುಂಡಾಗಿದ್ದರೆ ಅವರನ್ನು ಸದ್ಯಕ್ಕೆ ಪಕ್ಕಕ್ಕಿಡಿ. 7ಕ್ಕಿಂತ ಕೆಳಗಿನ ತುಂಡನ್ನು ಲೆಕ್ಕಕ್ಕೇ ಹಿಡಿಯಬೇಡಿ, ಅದರಲ್ಲಿ ಸುಳ್ಳು ಮ್ಯಾಚ್ ತುಂಬಾ. ನಾನು 15ರ ಮೇಲಿನ ತುಂಡು ಇದ್ದವರನ್ನು ಮಾತ್ರ ಹಾಳೆಗೆ ಹಾಕುತ್ತೇನೆ.

ಡಿಎನ್‌ಎ ಫೈಲುಗಳನ್ನು ಹೋಲಿಸುವ ಜೆಡ್‌ಮ್ಯಾಚ್ ಸೈಟಿನಲ್ಲಿ ತಂದೆ ತಾಯಿ ಒಬ್ಬರಿಗೊಬ್ಬರು ನೆಂಟರೇ ಅಂತ ನೋಡುವ ಒಂದು ಸಾಧನ ಇದೆ. ನಿಮ್ಮ ಫೈಲನ್ನು ಅದರಲ್ಲಿ ಓಡಿಸಿ. ನಿಮ್ಮ ತಂದೆ ತಾಯಿಯೂ ಹತ್ತಿರದವರಾದರೆ ಲೆಕ್ಕ ಇನ್ನೊಂದು ಸುತ್ತು ಬದಲಾಗುತ್ತದೆ.

ಭೀಮಾದಂಡೆ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಕೈ ನಡುಗುತ್ತಿದೆ ಬರೆಯುವಾಗ. 348ರ ವಿವರ ತೆಗೆದು ನೋಡಿದೆ. 14 ತುಂಡು, ಅತಿ ಉದ್ದದ್ದು 61. ಆತನ ಹೆಸರಿನ ಕೊನೆಗೆ ಕರ್ ಇದೆ, ಆದರೆ ಅದು ನಮ್ಮ ಊರಿನ ಹೆಸರಲ್ಲ. ಪತ್ರ ಬರೆದಿದ್ದೇನೆ. ಅಪ್ಪ ತೀರಿಹೋಗಿ ಆರು ವರ್ಷ ಆಯಿತು. ಅಮ್ಮ ಇದ್ದಾರೆ. ಎರಡನೇ ಕಿಟ್ ಅಮ್ಮನಿಗೆ ಮಾಡಿಸಲಾ?

ಗುಂಬಜ್ ಗಲ್ಲಿ, ಕಲಬುರಗಿ:

ಅಮ್ಮನದನ್ನು ಆಮೇಲೆ ಮಾಡಿಸಿ. ಮುತ್ಯಾನ ಅಣ್ಣ ತಮ್ಮ ಅಕ್ಕ ತಂಗಿಯರಲ್ಲಿ ಯಾರಾದರೂ ಬದುಕಿದ್ದಾರಾ? ಇದ್ದರೆ ಅವರದೇ ಮೊದಲು. ಅಮ್ಮ ಮುಂದಿನ ವರ್ಷವೂ ಇರುತ್ತಾರೆ ಅಂತ ದೇವರಲ್ಲಿ ಕೇಳೋಣ, ಆದರೆ 85 ದಾಟಿದವರ ವಿಷಯದಲ್ಲಿ ಕಾಯಬಾರದು. ನಮ್ಮ ದಾದಿಯ (ಅಪ್ಪನ ತಾಯಿಯ) ಕಿಟ್ ರಂಜಾನ್ ಮುಗಿಯಲಿ ಅಂತ ಇಟ್ಟಿದ್ದೆವು. ಅಷ್ಟರಲ್ಲಿ ಅವರೇ ಹೋಗಿಬಿಟ್ಟರು. ಆ ಕಿಟ್ ಇನ್ನೂ ಅಲ್ಮಾರಿಯಲ್ಲಿದೆ.

ನಮ್ಮ ಮನೆಗಳಲ್ಲಿ ನಿಮಗಿಂತ ಬೇರೆ ರೀತಿ ಗೋಜಲು. ನಮ್ಮಲ್ಲಿ ಅಣ್ಣ ತಮ್ಮಂದಿರ ಮಕ್ಕಳೂ ಮದುವೆ ಆಗುತ್ತಾರೆ, ಅಕ್ಕ ತಂಗಿಯರ ಮಕ್ಕಳೂ ಆಗುತ್ತಾರೆ. ಮನೆಯಲ್ಲಿ ಹಳೆಯ ಶಜರಾ (ವಂಶಾವಳಿ) ಇದೆ, ಬಟ್ಟೆಗೆ ಅಂಟಿಸಿದ ಕಾಗದ, ಗಂಡಸರ ಹೆಸರೇ ಎಲ್ಲ. ಹೆಂಗಸರು ಅದರಲ್ಲಿ ಇಲ್ಲವೇ ಇಲ್ಲ. ಡಿಎನ್‌ಎ ಪಟ್ಟಿಯಲ್ಲಿ ಮಾತ್ರ ಅವರೆಲ್ಲ ಇದ್ದಾರೆ, ಅದಕ್ಕೇ ನನಗೆ ಈ ಕೆಲಸದ ಮೇಲೆ ಅಷ್ಟು ಪ್ರೀತಿ.

ನೀವು ಗಂಡಸು ಆಗಿರುವುದರಿಂದ ಎರಡು ಸುಲಭದ ಪರೀಕ್ಷೆ ಇದೆ. ಗಂಡಸಿಗೆ ಎಕ್ಸ್ ಕ್ರೋಮೋಸೋಮ್ ತಾಯಿಯಿಂದ ಮಾತ್ರ ಬರುತ್ತದೆ. ಹಾಗಾಗಿ ಯಾರ ಜೊತೆಯಾದರೂ ಎಕ್ಸ್‌ನಲ್ಲಿ ಒಳ್ಳೆಯ ಉದ್ದದ ತುಂಡು ಹೊಂದಿದರೆ ಅದು ನಿಮ್ಮ ತಾಯಿಯ ಕಡೆಯಿಂದ ಬಂದದ್ದು. ಆ 348 ವ್ಯಕ್ತಿಯ ಜೊತೆ ಎಕ್ಸ್ ಹೊಂದಬಾರದು. ಹೊಂದಿದರೆ ಬೇರೆ ದಾರಿಯೂ ಇದೆ ಅಂತ ಅರ್ಥ. ಇನ್ನು ವೈ ಕ್ರೋಮೋಸೋಮ್ ಅಪ್ಪನಿಂದ ಮಗನಿಗೆ ಹೋಗುತ್ತದೆ. ನೀವು ಅಣ್ಣನ ಮಗನ ಮಗ. ಆತ ತಮ್ಮನ ಮಗನ ಮಗ ಆಗಿದ್ದರೆ ಇಬ್ಬರ ವೈ ಗುಂಪು ಒಂದೇ ಇರಲೇಬೇಕು. ಬೇರೆ ಬಂದರೆ ಆತ ಮಗಳ ಮಗ ಇರಬಹುದು, ಇಲ್ಲವೇ ನಮ್ಮ ಊಹೆಯೇ ತಪ್ಪು. ಒಂದೇ ಬಂದರೆ ಮಾತ್ರ ಕುಣಿಯಬೇಡಿ. ವೈ ಗುಂಪು ಲಕ್ಷಾಂತರ ಜನಕ್ಕೆ ಒಂದೇ ಇರುತ್ತದೆ.

ಭೀಮಾದಂಡೆ:

ಮುತ್ಯಾನ ಎಲ್ಲರಿಗಿಂತ ಸಣ್ಣ ತಂಗಿ ಇದ್ದಾರೆ! ಸಣ್ಣ ಆಯಿ ಅಂತ ಕರೆಯುತ್ತೇವೆ. 88 ವರ್ಷ. ಕಣ್ಣು ಮಂದ, ನೆನಪು ಚೊಕ್ಕ. ಆ ರಾತ್ರಿ ಅವರಿಗೆ 11 ವರ್ಷ.

ಬೀದರ್ ಕೋಟೆ:

ಹಾಗಾದರೆ ಇವತ್ತೇ ಅವರ ಕಿಟ್ ಮಾಡಿಸು. ಲೆಕ್ಕ ನೋಡು ಎಷ್ಟು ಚೆಂದ ಆಗುತ್ತದೆ. 348 ವ್ಯಕ್ತಿ ಅವರ ಸ್ವಂತ ಅಣ್ಣನ ಮೊಮ್ಮಗ ಆಗಿದ್ದರೆ ಅವರಿಬ್ಬರ ನಡುವೆ ಸರಾಸರಿ 850 ಬರಬೇಕು. ದೂರದ ನೆಂಟನಾದರೆ ನೂರು ಇನ್ನೂರರಲ್ಲಿ ನಿಲ್ಲುತ್ತದೆ. ನಡುವೆ ಅನುಮಾನಕ್ಕೆ ಜಾಗವೇ ಕಡಿಮೆ. ನಮ್ಮಂಥ ಸುತ್ತು ಸಂಬಂಧದ ಮನೆಯಲ್ಲಿ ಒಂದು ತಲೆಮಾರು ಮೇಲಿನವರ ಪರೀಕ್ಷೆ ಹತ್ತು ಬಣ್ಣದ ಹಾಳೆಗಿಂತ ಜಾಸ್ತಿ ಕೆಲಸ ಮಾಡುತ್ತದೆ.

ಒಂದು ವಿಷಯ. ಎಂಜಲು ತುಂಬಿಸುವ ಕೊಳವೆ ಮುದುಕರಿಗೆ ಕಷ್ಟ, ಬಾಯಿ ಒಣಗಿರುತ್ತದೆ. ಕೆನ್ನೆಯ ಒಳಗೆ ಹತ್ತಿ ಕಡ್ಡಿ ತಿಕ್ಕುವ ಕಿಟ್ ಸಿಕ್ಕರೆ ಅದೇ ಒಳ್ಳೆಯದು. ಅರ್ಧ ಗಂಟೆ ಮುಂಚೆಯಿಂದ ಎಲೆ ಅಡಿಕೆ, ತಂಬಾಕು, ಚಹಾ ಏನೂ ಬೇಡ. ನಮ್ಮ ಅತ್ತೆಯದು ಮೊದಲನೇ ಸಲ ಫೇಲಾಯಿತು, ಎಲೆ ಅಡಿಕೆ ಬಾಯಲ್ಲೇ ಇತ್ತು. ಕಂಪನಿಯವರು ಮೂರು ತಿಂಗಳು ಉತ್ತರವೇ ಕೊಡಲಿಲ್ಲ.

ಇನ್ನೊಂದು, ಇದು ದೊಡ್ಡ ವಿಷಯ. ಯಾಕೆ ಮಾಡಿಸುತ್ತಿದ್ದೇವೆ, ಏನೇನು ಹೊರಗೆ ಬರಬಹುದು ಅಂತ ಅವರಿಗೆ ಕನ್ನಡದಲ್ಲಿ ಕೂತು ಹೇಳು. ಹೂಂ ಅಂದರೆ ಮಾತ್ರ ಮಾಡಿಸು. ನನ್ನ ಮುತ್ತಜ್ಜ ದತ್ತಕ ಬಂದವರು ಅಂತ ನನಗೆ ಗೊತ್ತಾದದ್ದು ಮ್ಯಾಚ್ ಪಟ್ಟಿಯಿಂದ. ನಮ್ಮ ಮನೆತನದ ಗಂಡಸರ ಜೊತೆ ನನ್ನ ಅಣ್ಣನ ವೈ ಹೊಂದಲಿಲ್ಲ, ಉದಗೀರದ ಒಂದು ಮನೆಯ ಜೊತೆ ಹೊಂದಿತು. ಆಮೇಲೆ ಹಳೆ ಕಾಗದ ತೆಗೆಸಿದೆವು, ಅದರಲ್ಲೂ ದತ್ತಕದ ಮಾತು ಇತ್ತು. ನಾನು ಅದನ್ನು ಮೊದಲು ಹೇಳಿದ್ದು ಅಪ್ಪನಿಗೆ ಒಬ್ಬರಿಗೇ. ಅವರು ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಉದಗೀರಕ್ಕೆ ಹೋಗೋಣ ನಡಿ ಅಂದರು. ಅದನ್ನೇ ಮನೆಯ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದರೆ ಇವತ್ತಿಗೂ ನಮ್ಮ ಮನೆಯಲ್ಲಿ ಶಾಂತಿ ಇರುತ್ತಿರಲಿಲ್ಲ.

ಮಲಗಿದ ಬೆಟ್ಟ, ಶಹಾಪುರ:

ಓದುತ್ತಾ ಕೂತಿದ್ದೆ, ಒಂದು ಮಾತು ಸೇರಿಸುತ್ತೇನೆ. ನಿಮ್ಮ ಮನೆಗೆ ಹೆಳವರು ಬರುತ್ತಿದ್ದರಾ?

ನಮ್ಮ ಮನೆಗೆ ಈಗಲೂ ಬರುತ್ತಾರೆ, ಮೂರ್ನಾಲ್ಕು ವರ್ಷಕ್ಕೊಮ್ಮೆ. ಮುಂಚೆ ಎತ್ತಿನ ಮೇಲೆ ಗಂಟೆ ಕಟ್ಟಿಕೊಂಡು ಬರುತ್ತಿದ್ದರು, ಈಗ ಬೈಕಿನಲ್ಲಿ ಬರುತ್ತಾರೆ. ಕಟ್ಟೆಗೆ ಕೂತು ಮನೆತನ ಹೊಗಳುತ್ತಾ ಹೋದರೆ ಏಳೆಂಟು ತಲೆಮಾರು ನಿಲ್ಲದೆ ಹೇಳುತ್ತಾರೆ. ಹುಟ್ಟಿದ ಗಂಡು ಮಕ್ಕಳ ಹೆಸರು ಬರೆದುಕೊಂಡು, ಜೋಳ, ಬಟ್ಟೆ, ರೊಕ್ಕ ತಗೊಂಡು ಹೋಗುತ್ತಾರೆ. ನಾನು ಅವರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಹೆಸರುಗಳನ್ನು ನನ್ನ ಮ್ಯಾಚ್ ಹಾಳೆಗೆ ಹಚ್ಚಿ ನೋಡಿದೆ. ಯಾವ ಮನೆಯವರು ಎಲ್ಲಿಂದ ಎಲ್ಲಿಗೆ ಎದ್ದು ಹೋದರು ಅನ್ನುವುದು ಅವರ ಬಾಯಲ್ಲಿ ಇದೆ. ನಮ್ಮ ಒಂದು ಕವಲು ತಾಂಡೂರಿಗೆ ಹೋದದ್ದು ನಮಗೆ ಯಾರಿಗೂ ಗೊತ್ತಿರಲಿಲ್ಲ. ತಾಂಡೂರು, ಕೊಡಂಗಲ್ 1956ರ ತನಕ ಗುಲಬರ್ಗಾ ಜಿಲ್ಲೆಯಲ್ಲೇ ಇದ್ದವು ಅಲ್ವಾ, ಮುಂದೆ ಆಂಧ್ರಕ್ಕೆ ಹೋದವು. ಪಟ್ಟಿಯಲ್ಲಿ ತೆಲುಗು ಹೆಸರಿನ ಇಬ್ಬರು ನನಗೆ ಯಾಕೆ 70, 80 ಸೆಂಟಿಮಾರ್ಗನ್ ತೋರಿಸುತ್ತಿದ್ದರು ಅನ್ನುವುದು ಅವತ್ತು ಅರ್ಥವಾಯಿತು.

ನಮಗೆ ಬರುವ ಹೆಳವರ ಪುಸ್ತಕದಲ್ಲೂ ಹೆಣ್ಣುಮಕ್ಕಳ ಹೆಸರಿಲ್ಲ. ಹಾಗಾಗಿ ಅದರ ಪಕ್ಕದಲ್ಲಿ ಅಕ್ಕ ಹೇಳಿದ ಹೆಣ್ಣು ಕೊಟ್ಟು ತಂದ ಹಾಳೆ ಇರಲೇಬೇಕು.

ಭೀಮಾದಂಡೆ:

ಉತ್ತರ ಬಂತು! ಆ 348ರ ಹುಡುಗ ಪುಣೆಯಲ್ಲಿ ಕೆಲಸ ಮಾಡುತ್ತಾನೆ, ಮನೆ ಸೊಲ್ಲಾಪುರ. ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ, ಹಿಂದಿಯಲ್ಲಿ ಬರೆದಿದ್ದಾನೆ. ಆತನ ಅಜ್ಜ ಮಿಲ್ಲಿನಲ್ಲಿ ಇದ್ದರಂತೆ. ನದಿಯ ಆಚೆಯಿಂದ ಬಂದವರು ಅಂತಷ್ಟೇ ಗೊತ್ತಂತೆ. ಅಡ್ಡಹೆಸರು ಇಂಡಿ ತಾಲೂಕಿನ ಒಂದು ಹಳ್ಳಿಯದು, ಮೊದಲು ಅಲ್ಲಿ ಒಂದು ವರ್ಷ ಇದ್ದರಂತೆ, ಮಿಲ್ಲಿನ ಹಾಜರಿಯಲ್ಲಿ ಅದೇ ಹೆಸರು ಬರೆಸಿದ್ದಂತೆ. ವಯಸ್ಸಿನ ಜೊತೆಗೆ ಆ ಅಡ್ಡಹೆಸರು ನೋಡಿಯೂ ನಾನು ಆತನನ್ನು ಬಿಟ್ಟಿದ್ದೆ.

ವೈ ಗುಂಪು ಇಬ್ಬರದೂ ಒಂದೇ. ಎಕ್ಸ್ ಹೊಂದಿಲ್ಲ.

ಸಣ್ಣ ಆಯಿಗೆ ಕೂತು ಎಲ್ಲ ಹೇಳಿದೆ. ಅರ್ಧ ಕೇಳಿದ ಮೇಲೆ ತಾವೇ ಬಾಯಿ ತೆಗೆದು ಕೂತರು. ಸ್ಯಾಂಪಲ್ ಕಳಿಸಿದ್ದೇನೆ. ಆರರಿಂದ ಎಂಟು ವಾರ ಅಂತ ಹೇಳಿದ್ದಾರೆ. ಸಣ್ಣ ಆಯಿಯ ಕಿಟ್ ಬೇರೆ ಕಂಪನಿಯದು, ಅವರದನ್ನೂ ಹುಡುಗನದನ್ನೂ ಒಂದೇ ಕಡೆ ಹೇಗೆ ನೋಡುವುದು?

ಕಾಗಿಣಾ ಹೊಳೆ, ಸೇಡಂ:

ಇಬ್ಬರೂ ಕಚ್ಚಾ ಫೈಲ್ ಇಳಿಸಿಕೊಂಡು ಜೆಡ್‌ಮ್ಯಾಚ್‌ಗೆ ಹಾಕಿ. ಯಾವ ಕಂಪನಿಯದಾದರೂ ಅಲ್ಲಿ ಹೋಲಿಸಬಹುದು. ಹಾಕುವಾಗ ಪೊಲೀಸ್ ಹುಡುಕಾಟಕ್ಕೆ ಒಪ್ಪಿಗೆ ಇದೆಯೇ ಅಂತ ಕೇಳುತ್ತದೆ, ಅದನ್ನು ಓದಿ, ಸುಮ್ನೆ ಒತ್ತಿಬಿಡಬೇಡಿ. ಸಣ್ಣ ಆಯಿಯ ಪರವಾಗಿ ನೀವು ಒತ್ತುತ್ತಿದ್ದೀರಿ ಅನ್ನುವುದು ನೆನಪಿರಲಿ. ಫೈಲಿನ ಒಂದು ಪ್ರತಿ ನಿಮ್ಮ ಹತ್ತಿರವೂ ಇರಲಿ. ಟ್ವೆಂಟಿತ್ರೀ ಆ್ಯಂಡ್ ಮಿ ಅಂಥ ದೊಡ್ಡ ಕಂಪನಿಯಲ್ಲೇ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಕಳ್ಳರ ಕೈಗೆ ಹೋಯಿತು, 2025ರ ಮಾರ್ಚಿನಲ್ಲಿ ಅದು ದಿವಾಳಿ ಅರ್ಜಿಯನ್ನೂ ಹಾಕಿತು. ಕಂಪನಿ ಇರಲಿ ಹೋಗಲಿ, 88 ವರ್ಷದವರ ಫೈಲ್ ಇನ್ನೊಮ್ಮೆ ಸಿಗುವುದಿಲ್ಲ.

ಭೀಮಾದಂಡೆ:

ಎರಡು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಸಣ್ಣ ಆಯಿಯ ಫಲಿತಾಂಶ ಬಂತು. ಜೆಡ್‌ಮ್ಯಾಚ್‌ನಲ್ಲಿ ಹುಡುಗನ ಜೊತೆ ಹೋಲಿಸಿದೆ.

871.

ರಾತ್ರಿ ಹನ್ನೊಂದಕ್ಕೆ ನೋಡಿದ್ದು. ಅಮ್ಮನನ್ನು ಎಬ್ಬಿಸಿದೆ. ಬೆಳಿಗ್ಗೆ ತನಕ ಯಾರಿಗೂ ನಿದ್ದೆ ಇಲ್ಲ.

ಪಟ್ಟಿಯ ವಿಷಯವೂ ಹೇಳುತ್ತೇನೆ, ಬೇರೆಯವರಿಗೆ ಉಪಯೋಗ ಆಗಲಿ. ಸಣ್ಣ ಆಯಿಯ ಪಟ್ಟಿ ಪಕ್ಕದಲ್ಲಿ ಇಟ್ಟುಕೊಂಡ ಮೇಲೆ ನನ್ನ 60 ಜನರಲ್ಲಿ 15ರ ಮೇಲಿನ ತುಂಡು ಇದ್ದವರು 19 ಮಾತ್ರ ಉಳಿದರು. ಅದರಲ್ಲಿ 8 ಜನ ಸಣ್ಣ ಆಯಿಗೂ ಮ್ಯಾಚ್. ಅವರಿಗೆ ಹೊಳೆದಂಡೆ ಊರಿನ ಬಣ್ಣ. 112ರ ವ್ಯಕ್ತಿ ಸಣ್ಣ ಆಯಿಗೆ ಹೊಂದಲಿಲ್ಲ, ಹಾಗಾಗಿ ಅಮ್ಮನ ತವರಿನ ಬಣ್ಣ ಪೆನ್ಸಿಲಿನಲ್ಲಿ ಹಚ್ಚಿದ್ದೇನೆ, ಅಮ್ಮನ ಕಿಟ್ ಬಂದ ಮೇಲೆ ಗಟ್ಟಿ ಮಾಡುತ್ತೇನೆ. 94ರವರು ಸಣ್ಣ ಆಯಿಗೂ ಹೊಂದುತ್ತಾರೆ, ಅಮ್ಮನ ಊರಿನ ಹೆಸರನ್ನೂ ಹೇಳುತ್ತಾರೆ. ಅವರಿಗೆ ಎರಡು ಬಣ್ಣ. ಮುಂಚೆ ಆಗಿದ್ದರೆ ಒಂದನ್ನು ಅಳಿಸುತ್ತಿದ್ದೆ.

ಸಣ್ಣ ಆಯಿಗೆ ಸುದ್ದಿ ಹೇಳಿದಾಗ ಅವರು ಅಂಕಿ ಕೇಳಲಿಲ್ಲ. ಸೊಲ್ಲಾಪುರದವರು ಈಗಲೂ ಎಳ್ಳಮಾಸಿಗೆ (ಎಳ್ಳ ಅಮಾವಾಸ್ಯೆಗೆ) ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗ ಚೆಲ್ಲುತ್ತಾರಾ ಕೇಳು ಅಂದರು. ಕೇಳಿದೆ. ಸ್ವಂತ ಹೊಲ ಇಲ್ಲ, ಆದರೆ ಅಜ್ಜ ಇರುವ ತನಕ ಪ್ರತಿ ವರ್ಷ ಪರಿಚಯದವರ ಹೊಲಕ್ಕೆ ಕರೆದುಕೊಂಡು ಹೋಗುತ್ತಿದ್ದರು, ಅಲ್ಲಿ ಅದಕ್ಕೆ ವೇಳ ಅಮಾವಾಸ್ಯೆ ಅನ್ನುತ್ತಾರೆ ಅಂತ ಹುಡುಗ ಬರೆದ.

ಆತ ಒಂದು ಕಾಗದದ ಫೋಟೋ ಕಳಿಸಿದ್ದಾನೆ, ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕದ್ದಂತೆ. ಉರ್ದುವಿನಲ್ಲಿದೆ, ನನಗೆ ಓದಲು ಬರುವುದಿಲ್ಲ. ಯಾರಾದರೂ ಓದಿಕೊಡುತ್ತೀರಾ?

ಗುಂಬಜ್ ಗಲ್ಲಿ, ಕಲಬುರಗಿ:

ಫೋಟೋ ನೋಡಿದೆ, ಅಬ್ಬಾಜಾನ್‌ಗೂ ತೋರಿಸಿದೆ. ಅವರಿಗೆ ಹಳೆಯ ಶಿಕಸ್ತಾ ಕೈಬರಹ ಚೆನ್ನಾಗಿ ಬರುತ್ತದೆ. ಅದು ಜಮೀನಿನ ಕಾಗದ. ಮೇಲೆ 1357 ಫಸಲಿ ಅಂತ ಇದೆ, ನಿಜಾಮನ ಕಾಲದ ಕಂದಾಯದ ವರ್ಷ ಅದು. ಫಸಲಿಗೆ 590 ಕೂಡಿಸಿ, 1947-48 ಆಗುತ್ತದೆ. ನಿಮ್ಮ ಊರಿನ ಹೆಸರು ಸ್ಪಷ್ಟವಾಗಿದೆ. ಒಂದು ಹೊಲ, ಇಬ್ಬರಿಗೆ ಅರ್ಧರ್ಧ ಹಿಸ್ಸಾ. ಇಬ್ಬರ ಹೆಸರಿನ ಮುಂದೆ ತಂದೆಯ ಹೆಸರು ಒಂದೇ ಇದೆ. ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ, ನಿಮಗೆ ಬೇರೆ ಕಳಿಸುತ್ತೇನೆ. ನಿಮ್ಮ ಮುತ್ಯಾ ಮತ್ತು ಅವರ ತಮ್ಮನ ಹೆಸರು ಅವೇನಾ ಅಂತ ನೋಡಿ ಹೇಳಿ.

ಭೀಮಾದಂಡೆ:

ಅವೇ. ಆ ಹೊಲ ಈಗ ನಮ್ಮ ಕಾಕಾ ಮಾಡುತ್ತಾರೆ. ಭಾನುವಾರ ಬೆಳಗಿನ ರೈಲಿಗೆ ಸೊಲ್ಲಾಪುರಕ್ಕೆ ಹೊರಟಿದ್ದೇವೆ, ಸಣ್ಣ ಆಯಿಯೂ ಬರುತ್ತೇನೆ ಅಂತ ಹಟ ಹಿಡಿದಿದ್ದಾರೆ.